ಒಂದು ಮಿಳ್ಳೆ ಹರಳೆಣ್ಣೆ

ಸೋಮವಾರ ಬೆಳಗ್ಗೆ ನಮ್ಮ ಲಾರಿಯ ಸೆಲ್ಫ್ ತಿರುಗಲಿಲ್ಲ. ಸೆಲ್ಫ್ ಅಂದರೆ ಕಾಲಿನಿಂದ ಪೆಡಲು ಒತ್ತಿದಾಗ ಬ್ಯಾಟರಿಯ ಬಲದಲ್ಲಿ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರು. ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ದಿನವೂ ಕೇಳುವ ಗೊರಗೊರ ಸದ್ದು ಬರಲಿಲ್ಲ. ಪೆಡಲು ಮಾತ್ರ ಕಟ್ ಅಂದಿತು. ಮತ್ತೊಮ್ಮೆ ಕಟ್. ಆಮೇಲೆ ಅದೂ ನಿಂತು, ಯಜಮಾನರು ಸೀಟಿನ ಕೆಳಗೆ ಕೈ ಹಾಕಿ ಕಬ್ಬಿಣದ ಹ್ಯಾಂಡ್ಲು ಎಳೆಯುವ ಸದ್ದು ಕೇಳಿತು. ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದೆ.

"ಅದನ್ನ ಒಳಗಿಡಿ."

"ಒಂದೇ ಸುತ್ತು ಕಣೇ. ಎದ್ಬುಡುತ್ತೆ."

"ಹೋದ್ಸಲಾನೂ ಒಂದೇ ಸುತ್ತು ಅಂದಿದ್ರಿ."

ಹಿಂದಿನ ಬೇಸಿಗೆಯಲ್ಲಿ ಬ್ಯಾಟರಿ ಸತ್ತಾಗ ಅವರು ಇದೇ ಹ್ಯಾಂಡ್ಲನ್ನು ಎಂಜಿನ್ನಿನ ಮುಂದೆ ಸಿಕ್ಕಿಸಿ ತಿರುಗಿಸಲು ಹೋಗಿ, ಅದು ಹಿಂದಕ್ಕೆ ಒದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಮೂಳೆ ಕಟ್ಟುವ ಅಜ್ಜ ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಬಳಿದು ಕಟ್ಟಿದ್ದ. ಕಟ್ಟು ಬಿಚ್ಚಿದ ದಿನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೂಡ್ಕೊಂಡೈತೆ. ಇನ್ನೊಂದು ಏಟು ಬಿದ್ರೆ ಮಾತ್ರ ಈ ಕೈ ತುತ್ತು ಎತ್ತೋಕೂ ಬರಾಕಿಲ್ಲ" ಅಂದಿದ್ದ. ಲಾರಿಯ ಚಕ್ರ ಹಿಡಿಯಲು ಆ ಕೈ ಸಾಕು. ಹ್ಯಾಂಡ್ಲು ಹಿಡಿಯಲು ಸಾಲದು. ಬೇರೆಯವರ ಕೈಯಲ್ಲಿ ತಿರುಗಿಸೋಣ ಅಂದರೆ ಅದಕ್ಕೆ ಅವರು ಒಪ್ಪುವವರಲ್ಲ. "ನನ್ನ ಕೈ ಮುರಿದಿದ್ದು ಸಾಲದಾ, ಕಂಡೋರ ಕೈನೂ ಮುರೀಲಾ?" ಅನ್ನುವರು.

ಏರಿಯ ಇಳಿಜಾರಿಗೆ ತಳ್ಳಿಕೊಂಡು ಹೋಗಿ ಉರುಳಿಸಿದರೆ ಎಂಜಿನ್ ಏಳುತ್ತಿತ್ತು, ಸರಿ. ನಮ್ಮೂರು ಕಳ್ಳಂಬೆಳ್ಳದಲ್ಲಿ ಕೆರೆ ಏರಿ ಇದೆ, ತಳ್ಳಲು ಜನರೂ ಇದ್ದಾರೆ. ಆದರೆ ಆ ಶುಕ್ರವಾರ ಲಾರಿಯನ್ನು ಮಧುಗಿರಿಗೆ ಒಯ್ದು ತೋರಿಸಬೇಕಿತ್ತು. ಯುದ್ಧದ ಕಾಲ. ಪೆಟ್ರೋಲು ಕೂಪನ್ನಿನ ಮೇಲೆ ಮಾತ್ರ. ಸುತ್ತಿನ ತಾಲ್ಲೂಕುಗಳ ಲಾರಿಗಳೆಲ್ಲ ಕೋಟೆಯ ಕೆಳಗಿನ ಬಯಲಿಗೆ ಬರಬೇಕು, ಕೂಪನ್ನು ಕೊಡುವ ಸಾಹೇಬರ ಎದುರು ಎಂಜಿನ್ ಆರಿಸಬೇಕು, ಅವರ ಎದುರೇ ಮತ್ತೆ ಎಬ್ಬಿಸಬೇಕು. ಏಳದ ಗಾಡಿಗೆ ಕೂಪನ್ನಿಲ್ಲ. ಆ ಬಯಲು ಹಲಗೆಯ ಹಾಗೆ ಮಟ್ಟಸ. ಅಲ್ಲಿ ಸೆಲ್ಫ್ ತಿರುಗದಿದ್ದರೆ ಇವರು ಹ್ಯಾಂಡ್ಲು ಹಿಡಿಯುತ್ತಾರೆ, ತಡೆಯಲು ನಾನು ಅಲ್ಲಿರುವುದಿಲ್ಲ. ನನಗೆ ಕೂಪನ್ನಿಗಿಂತ ಆ ಕೈಯದೇ ದಿಗಿಲು.

ಮಂಗಳವಾರ ಅವರು ಬಸ್ಸಿನಲ್ಲಿ ಸಿರಾಕ್ಕೆ ಹೋಗಿ ಬುಧವಾರ ಬೆಳಗ್ಗೆ ಮೇಸ್ತ್ರಿ ಸಾಬರನ್ನು ಕರೆತಂದರು. ವಯಸ್ಸಾದವರು. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವರು ಎಂದು ಪಾವಗಡದವರೆಗೂ ಹೆಸರು. ಆದರೆ ಎರಡು ಕಣ್ಣಿಗೂ ಪೊರೆ ಬಂದು ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ನಾನು ಕೊಟ್ಟ ಮಜ್ಜಿಗೆಯ ಚೊಂಬನ್ನು ತಡವಿ ಹಿಡಿದುಕೊಂಡರು. ಅಯ್ಯೋ ದೇವರೇ ಅಂದುಕೊಂಡೆ ಮನಸ್ಸಿನಲ್ಲಿ. ಒಬ್ಬರಿಗೆ ಕೈಯಿಲ್ಲ, ಒಬ್ಬರಿಗೆ ಕಣ್ಣಿಲ್ಲ.

"ತಂಗ್ಯಮ್ಮ, ನಿಮ್ಮ ಕಣ್ಣು ಹೆಂಗೈತೆ?" ಅಂದರು.

"ಸೂಜಿಗೆ ದಾರ ಪೋಣಿಸ್ತೀನಿ ಸಾಬರೇ."

"ಬಸ್, ಸಾಕು. ಇವತ್ತು ನಿಮ್ಮ ಕಣ್ಣು ನನಗೆ ಸಾಲ ಕೊಡಿ. ಲಾರಿ ಮುಂದೆ ನಿಂತ್ಕೊಳ್ಳಿ."

ಮೊದಲು ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನಂತೆ ಕಟ್ಟಿದ್ದ ಹಸಿರನ್ನು ಬಿಸಿನೀರಿನಲ್ಲಿ ತೊಳೆಸಿದರು. ತಂತಿಯನ್ನು ಕೆರೆದು ಬಿಗಿ ಮಾಡಿಸಿದರು. ಆಮೇಲೆ ಲಾರಿಯ ದೊಡ್ಡ ದೀಪ ಹಾಕಿಸಿದರು. ಹಗಲಿನಲ್ಲಿ ಕಾಣಲೆಂದು ನಾನು ಗೋಣಿತಾಟನ್ನು ತಲೆಯ ಮೇಲಿಂದ ದೀಪದ ತನಕ ಹೊದ್ದು ಬಗ್ಗಿ ನೋಡುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ, "ಏನಕ್ಕಾ, ಲಾರಿಗೆ ಹಬೆ ಹಿಡೀತಿದ್ದೀಯಾ? ನೆಗಡಿಯಾ ಅದಕ್ಕೆ?" ಎಂದು ನಕ್ಕು ಹೋದ.

"ಈಗ ಪೆಡಲು ಒತ್ತು" ಎಂದು ಮೇಸ್ತ್ರಿ ಯಜಮಾನರಿಗೆ ಹೇಳಿದರು. "ತಂಗ್ಯಮ್ಮ, ದೀಪ ಮಂಕಾಯ್ತಾ?"

"ಇಲ್ಲ. ಹಂಗೇ ಉರೀತೈತೆ."

"ಕಣ್ಣು ಮಿಟುಕಿಸ್ತಾ?"

"ಅದೂ ಇಲ್ಲ."

"ಬ್ಯಾಟರಿ ಚೆನ್ನಾಗೈತೆ. ಕರೆಂಟು ಸೆಲ್ಫ್ ಕಡೆ ಹೋಗ್ತಾನೇ ಇಲ್ಲ." ನನಗೆ ಅರ್ಥವಾಗಲೆಂದು ಬಿಡಿಸಿ ಹೇಳಿದರು. "ನಿಮ್ಮ ಕೆರೆ ತೂಬು ಎತ್ತಿದರೆ ಕೆರೆ ಮಟ್ಟ ಇಳೀಬೇಕಲ್ವಾ? ಇಳೀಲಿಲ್ಲ ಅಂದ್ರೆ ಕಾಲುವೆ ಕಟ್ಟಿಕೊಂಡೈತೆ ಅಂತ. ಎಲ್ಲಿ ಕಟ್ಟಿಕೊಂಡೈತೆ ಅಂತ ನೋಡಾಣ."

ಪೆಡಲಿನ ಸ್ವಿಚ್ಚಿನ ಎರಡು ತುದಿಗೂ ದಪ್ಪ ಸ್ಪ್ಯಾನರೊಂದನ್ನು ಅಡ್ಡ ಮುಟ್ಟಿಸಿದರು. ಸ್ವಿಚ್ಚು ಕೆಟ್ಟಿದ್ದರೆ ಈಗ ಮೋಟರು ತಿರುಗಬೇಕು, ಇಲ್ಲವೇ ಕಿಡಿಯಾದರೂ ಹಾರಬೇಕು. ಕಿಡಿ ಹಾರಲಿಲ್ಲ. ಅಲ್ಲಿಗೆ ಸ್ವಿಚ್ಚು, ತಂತಿ, ಬ್ಯಾಟರಿ ಎಲ್ಲವೂ ಸರಿಯಿದೆ, ಕೆಟ್ಟಿರುವುದು ಮೋಟರಿನ ಹೊಟ್ಟೆಯೊಳಗೆ ಎಂದು ಗೊತ್ತಾಯಿತು. ಬಿಚ್ಚುವುದೇ ಸರಿ ಅಂದರು.

ಬ್ಯಾಟರಿಯ ತಂತಿ ಕಳಚಿಟ್ಟು ಸೆಲ್ಫಿನ ಬೋಲ್ಟುಗಳಿಗೆ ಕೈ ಹಾಕಿದೆವು. ಎರಡು ಸುಲಭವಾಗಿ ಬಂದವು, ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ನಾನು ಸೆರಗು ಸಿಕ್ಕಿಸಿ ಲಾರಿಯ ಕೆಳಗೆ ತೂರಿ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿ ಹಿಡಿದೆ. ಮೇಸ್ತ್ರಿ ನನ್ನ ಕೈಯನ್ನು ಒಮ್ಮೆ ತಡವಿ ಅಳತೆ ತೆಗೆದುಕೊಂಡು, ಸ್ಪ್ಯಾನರಿನ ತುದಿಗೆ ಸುತ್ತಿಗೆಯಲ್ಲಿ ಹೊಡೆದರು. ಕಣ್ಣು ಕಾಣದವರ ಸುತ್ತಿಗೆ. ನಾನು ಆಂಜನೇಯನನ್ನು ನೆನೆಯುತ್ತಾ ಕಣ್ಣು ಮುಚ್ಚಿಕೊಂಡೆ. ಒಂಬತ್ತು ಏಟು ಎಣಿಸಿದೆ, ಒಂದೂ ತಪ್ಪಲಿಲ್ಲ. ಆ ದಿನ ದೇವರು ಮಾಡಿದ ದೊಡ್ಡ ಉಪಕಾರ ಅದೇ.

ಗುಂಡುಕಲ್ಲಿನಂಥ ಮೋಟರನ್ನು ಗೋಣಿಯ ಮೇಲೆ ಇಳಿಸಿಕೊಂಡು ಜಗುಲಿಗೆ ತಂದೆವು. ಅದರ ಹಿಂಭಾಗದ ತಗಡಿನ ಪಟ್ಟಿ ಸರಿಸಿದಾಗ ಒಳಗೆ ಕರ್ರಗೆ, ಸುಟ್ಟ ಬೆಲ್ಲದ ಪಾಕದಂತೆ ಅಂಟು ಕಟ್ಟಿತ್ತು. ಮೇಸ್ತ್ರಿ ಬೆರಳಲ್ಲಿ ತೆಗೆದು ಮೂಸಿದರು.

"ಹರಳೆಣ್ಣೆ! ಯಾರಪ್ಪ ಇಲ್ಲಿ ಹರಳೆಣ್ಣೆ ಹುಯ್ದ ಮಹಾರಾಯ?"

ಹುಯ್ದವಳು ನಾನು. ನನ್ನ ತವರು ಗಾಡಿ ಹೊಡೆಯುವವರ ಮನೆ. ಆಯುಧಪೂಜೆಯ ದಿನ ತಿರುಗುವುದಕ್ಕೆಲ್ಲ ಮೊದಲು ಹರಳೆಣ್ಣೆ, ಆಮೇಲೆ ಅರಿಶಿನ ಕುಂಕುಮ. ಗಾಡಿಯ ಅಚ್ಚಿಗೆ, ಬಾವಿಯಿಂದ ನೀರೆತ್ತುವ ಕಪಿಲೆಯ ಗಾಲಿಗೆ, ಬೀಸುವ ಕಲ್ಲಿನ ಗೂಟಕ್ಕೆ. ಎಣ್ಣೆ ಕಾಣಿಸದೆ ಪೂಜೆ ಮಾಡಿದರೆ ವರ್ಷವಿಡೀ ಕಿರುಗುಟ್ಟುತ್ತವೆ ಎಂದು ನಮ್ಮವ್ವ ಹೇಳುತ್ತಿದ್ದಳು. ಈ ಸಲದ ಹಬ್ಬಕ್ಕೆ ಯಜಮಾನರು ಸೆಲ್ಫನ್ನು ಬಿಚ್ಚಿ ಧೂಳು ಹೊಡೆದು, ಜಾಕು ಸ್ಪ್ಯಾನರುಗಳ ಜೊತೆ ಪೂಜೆಯ ಹಲಗೆಯ ಮೇಲೆ ಇಟ್ಟು ಸ್ನಾನಕ್ಕೆ ಹೋಗಿದ್ದರು. ಒಳಗಿನ ತಿರುಗುವ ಗಾಲಿ ಕಾಣುತ್ತಿತ್ತು. ಒಂದು ಪುಟ್ಟ ಮಿಳ್ಳೆ ತುಂಬ ಎಣ್ಣೆಯನ್ನು ಅರ್ಧ ಈ ತುದಿಗೆ, ಅರ್ಧ ಆ ತುದಿಗೆ ಎರೆದು ಕೈ ಮುಗಿದಿದ್ದೆ. ಎರಡು ತಿಂಗಳು ಅದು ತಿರುಗಿತ್ತು. ಮಾರ್ಗಶಿರದ ಚಳಿ ಬಂತು, ಎಣ್ಣೆ ಅಂಟಾಯಿತು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರೇ ಅಂದರು: "ಇನ್ಯಾರು, ಮಿಲ್ಟ್ರಿ ಸೇರಿದ್ನಲ್ಲ, ನಮ್ಮ ಕ್ಲೀನರು, ಅವನದೇ ಕೆಲಸ. ಓಗೋ ಮುಂಚೆ ಏನೋ ಮಾಡಿಟ್ಟು ಓಗವ್ನೆ."

ಆ ಕ್ಲೀನರನ ತಾಯಿ ನಮ್ಮ ಹಿಂದಿನ ಬೀದಿಯವಳು. ಮಜ್ಜಿಗೆ ಕೇಳಲು ಬಂದು ಆಗ ಬಾಗಿಲಲ್ಲೇ ನಿಂತಿದ್ದಳು. "ನನ್ನ ಮಗ ಅಂಥ ಕೆಲ್ಸ ಮಾಡೋನಲ್ಲ ಕಣಪ್ಪಾ" ಎಂದಳು ಮೆಲ್ಲಗೆ. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಕ್ಕೆ ಹೋದೆ. ತಂದುಕೊಟ್ಟಾಗಲೂ ಅವಳ ಮುಖ ನೋಡಲಿಲ್ಲ. ಹೇಗೂ ಎಣ್ಣೆ ಸಿಕ್ಕಿತು, ತೊಳೆದರೆ ಮುಗಿಯಿತು, ಇನ್ನು ಯಾರು ಹುಯ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಂಜೆ ದೀಪ ಹಚ್ಚಿ, ದಿನದ ಉಪಕಾರಗಳನ್ನು ಎಂದಿನಂತೆ ದೇವರ ಮುಂದೆ ಎಣಿಸಲು ಕೂತರೆ ಸುತ್ತಿಗೆಯ ಒಂಬತ್ತು ಏಟಿನಿಂದ ಮುಂದಕ್ಕೆ ಎಣಿಕೆ ಹೋಗಲಿಲ್ಲ.

ಗುರುವಾರ ಇಡೀ ದಿನ ಜಗುಲಿಯ ಮೇಲೆ ಕೆಲಸ. ಮೋಟರಿನೊಳಗೆ ಒಂದು ತಾಮ್ರದ ಗಾಲಿ. ಅದಕ್ಕೆ ಒತ್ತಿಕೊಂಡು ಕೂರುವ ನಾಲ್ಕು ಇದ್ದಿಲ ತುಂಡುಗಳಿಗೆ ಬ್ರಷ್ ಎನ್ನುತ್ತಾರೆ. ಸ್ಪ್ರಿಂಗು ಅವನ್ನು ಗಾಲಿಯ ಮೇಲೆ ಒತ್ತಬೇಕು, ಕರೆಂಟು ಅವುಗಳ ಮೂಲಕವೇ ದಾಟಬೇಕು. ನನ್ನ ಎಣ್ಣೆಯ ಅಂಟಿನಲ್ಲಿ ನಾಲ್ಕೂ ತಮ್ಮ ಗೂಡಿನಲ್ಲಿ ಸಿಕ್ಕಿಬಿದ್ದು ಗಾಲಿಯನ್ನು ಮುಟ್ಟುತ್ತಲೇ ಇರಲಿಲ್ಲ. ಮೇಸ್ತ್ರಿ ಹೇಳಿಕೊಟ್ಟ ಹಾಗೆ ಒಂದೊಂದನ್ನೇ ಅಲುಗಿಸಿ ಎಬ್ಬಿಸಿದೆ. ಕಡೆಯದಕ್ಕೆ ಅವಸರ ಮಾಡಿದೆ. ಅದರ ಜಡೆಯಂಥ ತಾಮ್ರದ ಬಾಲ ಬೆಸುಗೆಯ ಬುಡದಲ್ಲಿ ಕಿತ್ತು ಕೈಗೆ ಬಂತು.

"ಹೋಯ್ತಾ?" ಅಂದರು ಮೇಸ್ತ್ರಿ, ಸದ್ದಿನಿಂದಲೇ ತಿಳಿದು.

"ಹೋಯ್ತು ಸಾಬರೇ."

"ಹೊಸದು ಈ ಯುದ್ಧ ಮುಗಿಯೋ ತನಕ ಎಲ್ಲೂ ಸಿಗಲ್ಲ. ಇರಲಿ ಬುಡಿ, ಇದ್ದಿಲು ಮುರೀಲಿಲ್ಲ ತಾನೆ? ಬಾಲ ಅಂಟಿಸಬಹುದು. ತಲೆ ಹೋಗಿದ್ರೆ ಏನೂ ಮಾಡಂಗಿರಲಿಲ್ಲ."

ಅವರ ಚೀಲದಲ್ಲಿ ಪಾತ್ರೆಗೆ ಕಲಾಯಿ ಹಾಕುವ ತವರದ ಕಡ್ಡಿ ಇತ್ತು. ನಾನು ಒಲೆಯಲ್ಲಿ ಬೆಸುಗೆಯ ಕಬ್ಬಿಣ ಕಾಯಿಸಿ, ಊದುಗೊಳವೆಯಲ್ಲಿ ಊದಿ ಕೆಂಪು ಕೆಂಡ ಉಳಿಸಿದೆ. ಅವರು ಬೆರಳಿನಿಂದ ಜಾಗ ಹುಡುಕಿದರು. "ತವರ ಬಾಲದ ತುದೀಗಷ್ಟೇ ಹಿಡೀಬೇಕು. ಮೇಲಕ್ಕೆ ಹೀರಿಕೊಂಡ್ರೆ ಬಾಲ ಕಡ್ಡಿ ಆಗೋಗ್ತದೆ, ಬ್ರಷ್ ಕುಣಿಯಲ್ಲ. ಹೀರೋದು ಕಂಡ ಕೂಡ್ಲೇ ಹೇಳಿ." ನಾನು "ಸಾಕು" ಅಂದೆ, ಅವರು ಎತ್ತಿದರು. ಒಂದೇ ಸಲಕ್ಕೆ ಕೂತಿತು.

ತಾಮ್ರದ ಗಾಲಿಯ ಮೇಲೆ ಉದ್ದುದ್ದ ಸಣ್ಣ ಗೀರುಗಳಿವೆ. ಎಲ್ಲದರಲ್ಲೂ ಅಂಟು ತುಂಬಿತ್ತು. ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿ, ಊಟದ ಎಲೆ ಹಚ್ಚುವ ಬಿದಿರ ಕಡ್ಡಿಯನ್ನು ಚೂಪು ಮಾಡಿಕೊಂಡು ಒಂದೊಂದು ಗೀರನ್ನೂ ಬಿಡಿಸಿದೆ. ಯಜಮಾನರು ಪಕ್ಕದಲ್ಲಿ ಕೂತು ಎಡಗೈಯಲ್ಲಿ ಗಾಲಿ ತಿರುಗಿಸಿ ಕೊಡುತ್ತಿದ್ದರು. "ನೀನು ಲಾರೀಲಿ ಕ್ಲೀನರಾಗಿ ಬಂದ್ಬುಡು, ಆ ಕಳ್ಳನ ಬದಲು" ಅಂದರು. ನಗಲು ಹೋದೆ, ಆಗಲಿಲ್ಲ.

ಒಳಗಿನ ತೇವ ಆರಲೆಂದು, ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ, ನೀರೊಲೆಯ ಬಿಸಿ ಬೂದಿಯ ಮೇಲೆ ಇಟ್ಟಿಗೆ ಹಾಸಿ ಇಡೀ ಮೋಟರನ್ನು ಕೂರಿಸಿದೆ. ಕೈ ಇಟ್ಟರೆ ತಾಳುವಷ್ಟು ಬಿಸಿ, ಹೆಪ್ಪು ಹಾಕುವ ಹಾಲಿಗಿಂತ ಸ್ವಲ್ಪ ಹೆಚ್ಚು. ಆ ಹದ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೊತ್ತು ಇಳಿಯುವಾಗ ಮೇಸ್ತ್ರಿ ಮೋಟರನ್ನು ಬಿಸಿಬಿಸಿಯಾಗಿಯೇ ಹೊರತಂದು ಕಾಲಿನಿಂದ ಅದುಮಿ ಹಿಡಿದು ಬ್ಯಾಟರಿಯ ತಂತಿ ಮುಟ್ಟಿಸಿದರು. ಗಿರ್ರೆಂದು ತಿರುಗಿ ಅದರ ಮುಂಭಾಗದ ಹಲ್ಲಿನ ಗಾಲಿ ಚಂಗನೆ ಮುಂದಕ್ಕೆ ಚಿಮ್ಮಿತು. ಕೂಡಲೇ ಲಾರಿಗೆ ಏರಿಸಿ ಪೆಡಲು ಒತ್ತಿದರೆ ಎಂಜಿನ್ ಎದ್ದೇಬಿಟ್ಟಿತು! ನಾನು ಮೇಸ್ತ್ರಿಗೆ ಕೈ ಮುಗಿದೆ. ಅವರು ಮೇಲೆ ನೋಡಿ ತಮ್ಮ ದೇವರಿಗೆ ಕೈ ಎತ್ತಿದರು. ನನ್ನ ಗುಟ್ಟು ನನ್ನಲ್ಲೇ ಉಳಿಯಿತು ಎಂದು ಒಳಗೊಳಗೇ ಹಗುರಾದೆ. ದೇವರ ಮುಂದೆ ಅದನ್ನೂ ಉಪಕಾರ ಎಂದು ಎಣಿಸಿದೆ. ನಾಚಿಕೆಯಾಗುತ್ತದೆ, ಆದರೆ ಎಣಿಸಿದ್ದು ನಿಜ.

ಶುಕ್ರವಾರ ಬೆಳಗ್ಗೆ ಕೆರೆಯ ಮೇಲಿನ ಮಂಜು ಬೀದಿಯ ತನಕ ಬಂದಿತ್ತು. ನಾನು ಲಾರಿಗೆ ಕುಂಕುಮವಿಟ್ಟೆ, ಯಜಮಾನರು ಪೆಡಲು ಒತ್ತಿದರು. ಗುಂಯ್ಯ್ ಎಂದು ಮೋಟರು ತಿರುಗಿತು. ತಿರುಗಿತು ಅಷ್ಟೇ, ಎಂಜಿನ್ ಅಲುಗಲಿಲ್ಲ. ಬರಿಯ ಕೊಡದಲ್ಲಿ ಜೀರುಂಡೆ ಕೂಗಿದ ಹಾಗೆ.

ಮೇಸ್ತ್ರಿ ತಲೆ ಓರೆ ಮಾಡಿ ಕೇಳಿಸಿಕೊಂಡರು. ಎಂಜಿನ್ನಿನ ಚಕ್ರ ಸ್ವಲ್ಪ ತಿರುಗಿ ಬೇರೆ ಹಲ್ಲು ಎದುರಿಗೆ ಬರಲೆಂದು ಲಾರಿಯನ್ನು ಗೇರಿಗೆ ಹಾಕಿ ಒಂದು ಗೇಣು ತಳ್ಳಿಸಿ ಮತ್ತೆ ನೋಡಿದರು. ಗುಂಯ್ಯ್. ಇನ್ನೊಂದು ಗೇಣು. ಗುಂಯ್ಯ್.

"ಸೆಲ್ಫಿನ ತಪ್ಪಲ್ಲ ಇದು. ನಿನ್ನೆ ಹಲ್ಲು ಚಿಮ್ಮಿದ್ದು ನನ್ನ ಕಿವೀಲೇ ಕೇಳಿದೀನಿ. ಎಂಜಿನ್ನಿನ ದೊಡ್ಡ ಚಕ್ರದ ಹಲ್ಲು ಸವೆದೈತೆ. ಒಂದೆರಡಲ್ಲ, ಬಹಳ. ಗೇರುಪೆಟ್ಟಿಗೆ ಇಳಿಸಿ ನೋಡಬೇಕು. ಎರಡು ದಿನದ ಕೆಲಸ. ಚಕ್ರ ಸಿಕ್ಕಿದ್ರೆ."

ಯಜಮಾನರು ಸೀಟು ಎತ್ತಿ ಹ್ಯಾಂಡ್ಲು ತೆಗೆದರು. ತುದಿಯನ್ನು ಪಂಚೆಯಲ್ಲಿ ಒರೆಸಿಕೊಂಡು ಲಾರಿಯ ಮುಂದಕ್ಕೆ ಬಂದರು.

ನಾನು ಅಡ್ಡ ನಿಂತೆ.

"ಜರುಗು."

"ಜರುಗಲ್ಲ. ಆ ಎಣ್ಣೆ ಹುಯ್ದಿದ್ದು ನಾನು."

"ಏನಂದೆ?"

"ಆಯುಧಪೂಜೆ ದಿನ. ನೀವು ನೀರು ಹಾಕ್ಕೊಳ್ಳಾಕೆ ಹೋದಾಗ. ಕ್ಲೀನರು ಅಲ್ಲ, ನಾನೇ. ಸಾಬರೇ, ಬ್ರಷ್ ಕಡೆ ಒಂದೇ ಅಲ್ಲ. ಅರ್ಧ ಮಿಳ್ಳೆ ಈ ಕಡೆ, ಅರ್ಧ ಮಿಳ್ಳೆ ಆ ಹಲ್ಲಿನ ಕಡೆ. ಆ ತಿರುಪಿನಂಗೆ ಸುತ್ತಿಕೊಂಡೈತಲ್ಲ, ಅದರ ಮೇಲೇ ಹುಯ್ದೆ."

ಮೇಸ್ತ್ರಿಯ ಕೈ ಗಡ್ಡದ ಮೇಲೆ ನಿಂತಿತು. ಮೋಟರಿನ ತುದಿಯಲ್ಲಿ ಒಂದು ತಿರುಪು, ಅದರ ಮೇಲೆ ಆ ಹಲ್ಲಿನ ಗಾಲಿ ಇರುತ್ತದೆ. ಮೋಟರು ತಿರುಗಿದ ರಭಸಕ್ಕೆ ಗಾಲಿ ತಿರುಪಿನ ಮೇಲೆ ಜಾರಿ ಮುಂದಕ್ಕೆ ಹೋಗಿ ಎಂಜಿನ್ನಿನ ಚಕ್ರವನ್ನು ಕಚ್ಚಬೇಕು. ಅದರ ಹೊರಗಿನ ಜಿಡ್ಡನ್ನು ಅವರು ಧೂಳೆಂದುಕೊಂಡು ಒರೆಸಿದ್ದರು. ಒಳಗಿನದು ಅವರ ಕಣ್ಣಿಗೆ ಕಾಣುವಂತಿರಲಿಲ್ಲ. ಕಾಣುವ ಕಣ್ಣಿದ್ದ ನಾನು ಹೇಳಿರಲಿಲ್ಲ.

"ನಿನ್ನೆ ಹೆಂಗೆ ಚಿಮ್ಮಿತು ಮತ್ತೆ?" ಅಂದರು ಯಜಮಾನರು.

"ನಿನ್ನೆ ಅದು ಒಲೆ ಮೇಲಿಂದ ಇಳಿದಿತ್ತು. ಬಿಸೀಲಿ ಹರಳೆಣ್ಣೆ ನೀರಿನಂಗಿರುತ್ತೆ, ಚಳೀಲಿ ಮೇಣ. ಅಡುಗೆಮನೇಲಿ ದಿನಾ ನೋಡ್ತೀನಿ."

ಮೇಸ್ತ್ರಿ ತೊಡೆ ತಟ್ಟಿಕೊಂಡರು. "ಅರೆ! ಹೌದಲ್ಲಾ! ಗೇರುಪೆಟ್ಟಿಗೆ ಇಳಿಸಿ ಎರಡು ದಿನ ಹಾಳು ಮಾಡ್ತಿದ್ದೆನಲ್ಲ. ಹ್ಯಾಂಡ್ಲು ಬಿಸಾಕಪ್ಪ ಆ ಕಡೆ. ತಂಗ್ಯಮ್ಮ, ಸೀಮೆಎಣ್ಣೆ ಐತಾ?"

ಡಬ್ಬದಲ್ಲಿ ಇರಲಿಲ್ಲ. ಲಾಟೀನಿನಲ್ಲಿ ಉಳಿದಿದ್ದನ್ನು ಬಗ್ಗಿಸಿದೆ, ಒಂದು ಲೋಟ ಆಯಿತು. ಈ ಸಲ ಬೋಲ್ಟುಗಳು ಸಡಿಲವಾಗಿದ್ದವು, ಮೋಟರು ಬೇಗ ಕೆಳಗಿಳಿಯಿತು. ತಿರುಪಿನ ಸುತ್ತೊಳಗೆ ಹಳದಿ ಮೇಣದಂತೆ ನನ್ನ ಎಣ್ಣೆ ಕೂತಿತ್ತು, ಅದರಲ್ಲಿ ಎರಡು ತಿಂಗಳ ಧೂಳು. ಸೀಮೆಎಣ್ಣೆ ಹನಿಸುತ್ತಾ, ಕಡ್ಡಿಯಲ್ಲಿ ಕೆರೆಯುತ್ತಾ ತೊಳೆದೆ. ಗಾಲಿಯನ್ನು ಬೆರಳಿಂದ ಮುಟ್ಟಿದರೆ ಸರ್ರನೆ ಓಡಿ ಸರ್ರನೆ ವಾಪಸು ಬರುವ ತನಕ ತೊಳೆದೆ. ಒಣಬಟ್ಟೆಯಲ್ಲಿ ಒರೆಸಿ, ಕೈ ಅಭ್ಯಾಸಕ್ಕೆ, "ಒಂದು ತೊಟ್ಟು ಎಣ್ಣೆ ಬೇಡವಾ ಸಾಬರೇ?" ಎಂದುಬಿಟ್ಟೆ.

"ಯಾ ಅಲ್ಲಾ! ಇದು ಉಪವಾಸ ಇರೋ ಹಲ್ಲು ತಾಯಿ. ನಿಮಗೆ ಏಕಾದಶಿ ಒಂದು ದಿನ, ನಮಗೆ ರೋಜಾ ಒಂದು ತಿಂಗಳು. ಇದಕ್ಕೆ ವರ್ಷವೆಲ್ಲಾ ಉಪವಾಸ."

ಯಜಮಾನರು ಮೊದಲ ಸಲ ನಕ್ಕರು.

ಮೋಟರು ಮೇಲೇರಿತು. ಅದು ಆಗ ನೀರಿನ ಕೊಡದಷ್ಟು ತಣ್ಣಗಿತ್ತು. ಅದೇ ಬೇಕಾಗಿತ್ತು. ಪೆಡಲು ಒತ್ತಿದ ತಕ್ಷಣ ಹಲ್ಲು ಕಚ್ಚಿದ ಸದ್ದು, ಗೊರಗೊರ, ಎಂಜಿನ್ ಎದ್ದಿತು. "ಆರಿಸು" ಅಂದರು ಮೇಸ್ತ್ರಿ. ಆರಿಸಿದರು. "ಎಬ್ಬಿಸು." ಎದ್ದಿತು. ನಾಲ್ಕು ಸಲ ಹಾಗೆ ಮಾಡಿಸಿ, ಸಿರಾದಲ್ಲಿ ಇಳಿಯುತ್ತೇನೆಂದು ತಾವೂ ಹತ್ತಿದರು. ಲಾರಿ ತಿರುವು ದಾಟುವ ಮುನ್ನ ಓಡಿಹೋಗಿ ಕೈ ಅಡ್ಡ ಹಿಡಿದೆ.

"ಇನ್ನೇನೇ?"

"ಹ್ಯಾಂಡ್ಲು ಕೊಟ್ಟು ಹೋಗಿ."

ಸೀಟಿನ ಕೆಳಗೆ ಮತ್ತೆ ಇಟ್ಟುಕೊಂಡಿದ್ದನ್ನು ಎಳೆದು, ಕಿಟಕಿಯಿಂದ ಕೈಗೆ ಕೊಟ್ಟರು.

ಅದನ್ನು ದೇವರ ಗೂಡಿನ ಕೆಳಗೆ ಒರಗಿಸಿಟ್ಟು ಹಿಂದಿನ ಬೀದಿಗೆ ಹೋದೆ. ಕ್ಲೀನರನ ತಾಯಿ ರಾಗಿ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಮೊರವನ್ನು ಕೆಳಗಿಡಲಿಲ್ಲ. "ನಂಗೊತ್ತಿತ್ತು ಕಣವ್ವ" ಅಂದಳು. "ನನ್ನ ಮಗ ಹರಳೆಣ್ಣೆ ವಾಸ್ನೆಗೇ ವಾಂತಿ ಮಾಡ್ಕೊಳ್ತಿದ್ದ. ಯಾರು ಹುಯ್ದೋರು ಅಂತ ಗೊತ್ತಿರಲಿಲ್ಲ, ಅಷ್ಟೇಯ. ಕುಂತ್ಕೋ." ಕೂತೆ. ಇಬ್ಬರೂ ಸೇರಿ ರಾಗಿಯ ಕಲ್ಲು ಆರಿಸಿದೆವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಲಾರಿಯ ಸದ್ದು ಕೇಳಿತು. ಸಾಹೇಬರು ಒಂದಲ್ಲ, ಎರಡು ಸಲ ಆರಿಸಿ ಎಬ್ಬಿಸಲು ಹೇಳಿದರಂತೆ. ಎರಡೂ ಸಲ ಎದ್ದಿತಂತೆ, ಕೂಪನ್ನು ಸಿಕ್ಕಿತಂತೆ. ಕೊರಟಗೆರೆಯ ಲಾರಿಯೊಂದಕ್ಕೆ ಇಬ್ಬರು ಹ್ಯಾಂಡ್ಲು ಹೊಡೆದು ಬೆವೆತುಹೋದರಂತೆ. ಅವರು ಹೇಳುತ್ತಿದ್ದರು. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅದು ಚೊಂಬು ಎತ್ತಿತು, ಮುಖ ತೊಳೆಯಿತು, ಟವಲು ಹಿಂಡಿತು. ಆ ದಿನ ದೇವರ ಮುಂದೆ ಎಣಿಸಲು ಕೂತವಳಿಗೆ ಬೆರಳು ಸಾಲಲಿಲ್ಲ. ಎಣ್ಣೆ ಹುಯ್ದ ವಿಷಯಕ್ಕೆ ಅವರು ಬೈಯಲೂ ಇಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. "ಕ್ಲೀನರಿಗೆ ಒಂದು ಕಾಗದ ಬರೆಸಬೇಕು" ಅಂದರು, ಅಷ್ಟೇ. ಆ ವಾರವೇ ಬರೆಸಿದರು.

ಮುಂದಿನ ವರ್ಷದ ಆಯುಧಪೂಜೆಗೆ ಸ್ಪ್ಯಾನರು, ಜಾಕು, ಸೆಲ್ಫು ಎಲ್ಲವೂ ಹಲಗೆಯ ಮೇಲೆ ಬಂದವು. ಸೆಲ್ಫಿನ ಹೊರಮೈಗೆ ಒಣ ಕುಂಕುಮ, ಒಂದು ಚೆಂಡುಹೂವು. ಈ ಸಲ ಯಜಮಾನರು ಸ್ನಾನಕ್ಕೆ ಮೊದಲು ಹೋಗಲಿಲ್ಲ, ಅಲ್ಲೇ ಕಾವಲು ಕೂತರು. ನಾನು ಬೆಚ್ಚಗೆ ಮಾಡಿದ ಹರಳೆಣ್ಣೆಯ ಮಿಳ್ಳೆಯನ್ನು ಕೈಯಲ್ಲಿ ಹಿಡಿದು ಎತ್ತ ಹೋಗುವುದೆಂದು ತಿಳಿಯದೆ ನಿಂತಿದ್ದೆ. ನಮ್ಮವ್ವನ ಮಾತು ತಪ್ಪಿಸಲು ಮನಸ್ಸು ಬರುತ್ತಿರಲಿಲ್ಲ.

"ತಿರುಗೋದಕ್ಕೇ ಹಾಕಬೇಕು ತಾನೆ ನಿನ್ನ ಎಣ್ಣೆ?" ಎಂದು ಅವರು ಅಂಗಿಯ ತೋಳು ಸರಿಸಿ ಬಲಗೈಯ ಮಣಿಕಟ್ಟನ್ನು ನನ್ನ ಮುಂದೆ ಚಾಚಿದರು. "ಇಗೋ, ಇದಕ್ಕೆ ಹಾಕು."

ಪೂರ್ತಿ ಮಿಳ್ಳೆ ಅಲ್ಲಿಗೇ ಎರೆದು, ನಿಧಾನವಾಗಿ ನೀವಿದೆ.